ಹುಮನಾಬಾದಿನಲ್ಲಿ ಸಮುದ್ರ ಕಾನೂನು

ಹುಮನಾಬಾದಿನ ಒಂದು ಖಾಸಗಿ ಕಾನೂನು ಕಾಲೇಜಿನಲ್ಲಿ ಆಮ್ರಪಾಲಿ ಇಪ್ಪತ್ತು ವರ್ಷದಿಂದ ಎರಡು ವಿಷಯ ಕಲಿಸುತ್ತ ಬಂದಿದ್ದಾಳೆ. ಒಂದು ಸಂವಿಧಾನ, ಇನ್ನೊಂದು ಅಂತರರಾಷ್ಟ್ರೀಯ ಕಾನೂನು. ಸಂವಿಧಾನದ ಕ್ಲಾಸಿಗೆ ಬೆಂಚು ಸಾಲುವುದಿಲ್ಲ. ಅದರಲ್ಲೂ 371(ಜೆ) ಪಾಠವಿದ್ದ ದಿನ ಬೇರೆ ವರ್ಷದವರೂ ಬಂದು ಗೋಡೆಗೆ ಆತು ನಿಲ್ಲುತ್ತಾರೆ. ಈ ಭಾಗದವರಿಗೆ ನೌಕರಿಯಲ್ಲಿ ಮೀಸಲಾತಿ ಸಿಕ್ಕಿದ್ದು ಆ ವಿಧಿಯಿಂದ. ಅದು ಪರೀಕ್ಷೆಗಿಂತ ದೊಡ್ಡ ವಿಷಯ. ಅಂತರರಾಷ್ಟ್ರೀಯ ಕಾನೂನಿನ ಕ್ಲಾಸಿಗೆ ಮಾತ್ರ ಹಾಜರಿಗಾಗಿ ಬರುವವರೇ ಹೆಚ್ಚು.

ಪ್ರತಿ ವರ್ಷ ಸಮುದ್ರ ಕಾನೂನು ಶುರುವಾದಾಗ ಅವಳು ಬೋರ್ಡಿನ ಮೇಲೆ ಒಂದು ಡೊಂಕು ಗೆರೆ ಎಳೆಯುತ್ತಿದ್ದಳು. ಅದು ದಡ. ಅಲ್ಲಿಂದ ಹನ್ನೆರಡು ನಾಟಿಕಲ್ ಮೈಲಿಯವರೆಗೆ ನೀರು ಆ ದೇಶದ್ದು. ಇನ್ನೂರರವರೆಗೆ ಮೀನು, ಎಣ್ಣೆ ಆ ದೇಶದ್ದು. ಅದರಾಚೆ ಮುಕ್ತ ಸಮುದ್ರ, ಯಾರದೂ ಅಲ್ಲ. ಅಲ್ಲಿ ಹೋಗುವ ಹಡಗು ಯಾವ ದೇಶದ ಧ್ವಜ ಹಾರಿಸಿರುತ್ತದೋ ಆ ದೇಶದ ಕಾನೂನೇ ಅದರ ಮೇಲೆ.

ಒಂದು ಸಲ ಚಿಟಗುಪ್ಪದ ಹುಡುಗನೊಬ್ಬ ಎದ್ದು ನಿಂತು ಕೇಳಿದ್ದ. "ಮೇಡಂ, ನಮ್ಮ ಕಡಿ ಕೆರಿ ಬಿಟ್ರ ಬ್ಯಾರೆ ನೀರೇ ಇಲ್ಲ. ನಮಗ ಇದು ಯಾತಕ್ರಿ?"

ಕ್ಲಾಸು ನಕ್ಕಿತು. ಆಮ್ರಪಾಲಿಯೂ ನಕ್ಕಳು. "ಹತ್ತು ಮಾರ್ಕ್ಸಿಗೆ," ಅಂದಳು.

ಆಗಿನ್ನೂ ಅವಳ ತಮ್ಮ ಶೈಲೇಶ ಹಡಗು ಹತ್ತಿರಲಿಲ್ಲ.

ಅವರದು ಹುಲಸೂರಿನ ಹತ್ತಿರದ ಒಂದು ಹಳ್ಳಿ. ಅಪ್ಪ ದೇವಿದಾಸ, ತಾಯಿ ಕಮಳಾಬಾಯಿ ಇಬ್ಬರೂ ಬೇರೆಯವರ ಹೊಲದಲ್ಲಿ ಕೂಲಿ ಮಾಡಿದವರು. ಮನೆಯಲ್ಲಿ ಬುದ್ಧನ ಮೂರ್ತಿಯ ಪಕ್ಕದಲ್ಲಿ ಬಾಬಾಸಾಹೇಬರ ಫೋಟೊ, ಅದರ ಕೆಳಗೆ ಸಂವಿಧಾನದ ದಪ್ಪ ಪುಸ್ತಕ. ಓದು ಬಾರದ ದೇವಿದಾಸ ಆ ಪುಸ್ತಕದ ಧೂಳು ಒರೆಸುತ್ತಿದ್ದ. ಓದಲು ಬಂದ ಮಗಳು ಅದನ್ನು ಓದಿದಳು. ಬಸವಕಲ್ಯಾಣದಲ್ಲಿ ಪದವಿ, ಕಲಬುರಗಿಯಲ್ಲಿ ಎಲ್‌ಎಲ್‌ಬಿ, ಅಲ್ಲೇ ಎಲ್‌ಎಲ್‌ಎಂ. ಎಲ್‌ಎಲ್‌ಎಂನಲ್ಲಿ ಅಂತರರಾಷ್ಟ್ರೀಯ ಕಾನೂನು ತೆಗೆದುಕೊಂಡದ್ದು ಅಂಥ ಆಸೆಯಿಂದೇನಲ್ಲ. ಆ ವಿಷಯಕ್ಕೆ ಆ ವರ್ಷ ಯಾರೂ ಹೆಸರು ಕೊಟ್ಟಿರಲಿಲ್ಲ, ಗ್ರಂಥಾಲಯದ ಪುಸ್ತಕಗಳು ಕೈಗೆ ಸಿಗುತ್ತಿದ್ದವು. ಓದುತ್ತ ಓದುತ್ತ ರುಚಿ ಹತ್ತಿತು. ಎಲ್ಲಿಯೋ ಕುಳಿತ ಯಾರೋ, ಮುಳುಗುವವನನ್ನು ಎತ್ತಲೇಬೇಕೆಂದು ಎಲ್ಲ ದೇಶಗಳ ಹಡಗುಗಳಿಗೂ ನಿಯಮ ಬರೆದಿದ್ದಾರೆ ಎನ್ನುವುದು ಅವಳಿಗೆ ಹಿಡಿಸಿತ್ತು.

ಕೆಲಸ ಸಿಕ್ಕ ಮೇಲೆ ಬಸವಕಲ್ಯಾಣದಲ್ಲಿ ಮನೆ ಮಾಡಿ ಅಪ್ಪ-ಅಮ್ಮನನ್ನು ಕರೆತಂದಳು. ಬೆಳಿಗ್ಗೆ ಬಸ್ಸು ಹಿಡಿದು ಸಸ್ತಾಪುರ ಬಂಗ್ಲಾ, ರಾಜೇಶ್ವರ ದಾಟಿ ಹುಮನಾಬಾದ್; ಸಂಜೆ ಅದೇ ದಾರಿಯಲ್ಲಿ ವಾಪಸು. ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ ಹೇಳುವಂಥ ಕಾರಣವೂ ಇರಲಿಲ್ಲ. ಅಪ್ಪ ತೀರಿಕೊಂಡಾಗ ಶೈಲೇಶ ಪಿಯುಸಿಯಲ್ಲಿದ್ದ. ಅಕ್ಕನಿಗಿಂತ ಬಹಳ ಚಿಕ್ಕವನು. ಲಾತೂರಿನ ಗೆಳೆಯನೊಬ್ಬನ ಜೊತೆ ಮುಂಬೈಗೆ ಹೋಗಿ, ಸರಕು ಹಡಗಿನ ಡೆಕ್ ಕೆಲಸದ ತರಬೇತಿ ಮುಗಿಸಿ ಬಂದ. ಎರಡು ಸಲ ಹೋಗಿ ಬಂದ ಮೇಲೆ ಮದುವೆ ಮಾಡಿದರು. ಹೆಂಡತಿ ವೈಶಾಲಿ, ರಕ್ತಪರೀಕ್ಷೆಯ ಲ್ಯಾಬಿನ ಕೋರ್ಸು ಮಾಡಿದ ಹುಡುಗಿ. ಮದುವೆಯಾದ ಐದನೇ ತಿಂಗಳಿಗೆ ಅವನು ಮೂರನೇ ಸಲ ಹಡಗು ಹತ್ತಿದ.

2016ರ ಆಗಸ್ಟಿನಲ್ಲಿ, ಮಧ್ಯಾಹ್ನದ ಊಟದ ಹೊತ್ತಿಗೆ, ಆಮ್ರಪಾಲಿ ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚುತ್ತಿದ್ದಾಗ ಫೋನ್ ಬಂತು. ಶೈಲೇಶನನ್ನು ಕೆಲಸಕ್ಕೆ ಕಳಿಸಿದ ಮುಂಬೈ ಏಜೆನ್ಸಿಯ ಮನುಷ್ಯ. ಹಿಂದಿಯಲ್ಲಿ ತಡೆತಡೆದು ಹೇಳಿದ. ನಿಮ್ಮ ತಮ್ಮ ಬೆಳಗಿನ ಪಾಳಿಗೆ ಬರಲಿಲ್ಲ. ಹಡಗೆಲ್ಲ ಹುಡುಕಿದ್ದಾರೆ. ಇಲ್ಲ.

"ಹಡಗು ಎಲ್ಲಿತ್ತು?" ಅವಳು ಕೇಳಿದಳು.

"ಸಮುದ್ರದಲ್ಲಿ, ಮೇಡಂ."

"ಅಕ್ಷಾಂಶ ರೇಖಾಂಶ ಹೇಳಿ."

ಆ ಮನುಷ್ಯ ಇದನ್ನು ನಿರೀಕ್ಷಿಸಿರಲಿಲ್ಲ. ಅಳುವವರಿಗೆ ಸಮಾಧಾನ ಹೇಳಲು ಸಿದ್ಧನಾಗಿದ್ದ ಅಂತ ಕಾಣುತ್ತದೆ. ಆಮೇಲೆ ಯಾರನ್ನೋ ಕೇಳಿ ಹೇಳಿದ. ಅವಳು ಡಬ್ಬಿ ಮುಚ್ಚಿ, ಗ್ರಂಥಾಲಯಕ್ಕೆ ಹೋಗಿ, ಅಟ್ಲಾಸ್ ತೆಗೆದು ನೋಡಿದಳು. ಆಫ್ರಿಕಾ ಮತ್ತು ಇಂಡೋನೇಷ್ಯಾದ ನಡುವೆ, ಬರೀ ನೀಲಿ. ಯಾವ ದಡದಿಂದ ಅಳೆದರೂ ಇನ್ನೂರು ಮೈಲಿಯಾಚೆ. ಅಂದರೆ ಮುಕ್ತ ಸಮುದ್ರ, ಅಂದರೆ ಧ್ವಜದ ದೇಶ. ತಾನು ಯಾವ ಯಾವ ಕಚೇರಿಗೆ ಬರೆಯಬೇಕು, ಯಾರಿಗೆ ಯಾವ ಅಧಿಕಾರ ಇಲ್ಲ ಎಂಬುದೆಲ್ಲ ಆ ಕ್ಷಣಕ್ಕೇ ಅವಳಿಗೆ ಗೊತ್ತಿತ್ತು. ಎರಡು ಗಂಟೆಗೆ ಮೂಲಭೂತ ಹಕ್ಕುಗಳ ಕ್ಲಾಸಿತ್ತು. ತೆಗೆದುಕೊಂಡಳು. ಇಪ್ಪತ್ತೊಂದನೇ ವಿಧಿ, ಜೀವದ ಹಕ್ಕು. ಪಾಠ ಚೆನ್ನಾಗಿಯೇ ಆಯಿತೆಂದು ಆಮೇಲೆ ಹುಡುಗರು ಹೇಳಿದರಂತೆ.

ಕ್ಲಾಸು ಮುಗಿದ ಮೇಲೆ ಕೌಟುಂಬಿಕ ಕಾನೂನು ಕಲಿಸುವ ತಾಹೇರಾಳಿಗೆ ವಿಷಯ ಹೇಳಿದಳು. ತಾಹೇರಾ ಅವಳ ಎರಡೂ ಕೈ ಹಿಡಿದುಕೊಂಡಳು. "ಆಮ್ರಪಾಲಿ, ನೀ ಕ್ಲಾಸ್ ತಗೊಂಡ್ಯಾ? ಹ್ಯಾಂಗ ತಗೊಂಡಿ?"

"ಟೈಂಟೇಬಲ್‌ದಾಗ ಇತ್ತು."

ತಾಹೇರಾ ಅವಳನ್ನು ಬಸ್ಸಿನಲ್ಲಿ ಕೂರಿಸಿ, ತಾನೂ ಬಸವಕಲ್ಯಾಣದ ತನಕ ಬಂದಳು. ಮನೆಯಲ್ಲಿ ವಿಷಯ ಹೇಳಿದಾಗ ವೈಶಾಲಿ ಅಡುಗೆಮನೆಯ ನೆಲದ ಮೇಲೆ ಕುಸಿದಳು. ಕಮಳಾಬಾಯಿ ಮಾತ್ರ ಒಂದೇ ಪ್ರಶ್ನೆ ಕೇಳಿದಳು. "ಸಿಕ್ಕಿಲ್ಲ ಅಂದ್ರ ಹುಡುಕಾಕತ್ತಾರ ಹೌದಲ್ಲ?"

"ಹೌದು ಆಯಿ."

ಹುಡುಕಿದ್ದು ನಿಜ. ಹಡಗು ಬಂದ ದಾರಿಗೇ ತಿರುಗಿ ಎರಡು ದಿನ ಹುಡುಕಿತ್ತು. ಹತ್ತಿರದಲ್ಲಿದ್ದ ಇನ್ನೊಂದು ಹಡಗು ದಿಕ್ಕು ಬದಲಿಸಿ ಬಂದು ಸೇರಿಕೊಂಡಿತ್ತು. ಹಡಗಿನ ಮಾಲೀಕರದು ಒಂದು ದೇಶ, ನಡೆಸುವವರದು ಇನ್ನೊಂದು, ಧ್ವಜ ಒಂದು ಪುಟ್ಟ ದ್ವೀಪದೇಶದ್ದು. ಆಮ್ರಪಾಲಿ ಎಲ್ಲರಿಗೂ ಬರೆದಳು. ನಮ್ಮ ಸರ್ಕಾರದ ಕಚೇರಿಗಳಿಗೂ ಬರೆದಳು. ಎಲ್ಲ ಕಡೆಯಿಂದ ಉತ್ತರ ಬಂತು. ಕೆಲವು ತಡವಾಗಿ, ಆದರೆ ಎಲ್ಲವೂ ಮರ್ಯಾದೆಯಿಂದ. ಮುಂದಿನ ವರ್ಷ ದ್ವೀಪದೇಶದ ತನಿಖಾ ವರದಿಯೂ ಬಂತು. ಜಗಳದ ಗುರುತಿಲ್ಲ, ಹವಾಮಾನ ಶಾಂತವಾಗಿತ್ತು, ಬಹುಶಃ ಕಾಲುಜಾರಿ ಬಿದ್ದಿರಬಹುದು, ಯಾರೂ ಕಂಡಿಲ್ಲ. ಜೊತೆಗಾರರೆಲ್ಲ ಅವನನ್ನು ಒಳ್ಳೆಯವನೆಂದು ಹೇಳಿದ್ದರು.

ಉತ್ತರಪತ್ರಿಕೆ ತಿದ್ದುವಂತೆ ಅವಳು ಆ ವರದಿಯನ್ನು ಓದಿದಳು. ಸಮುದ್ರ ಒಪ್ಪಂದದ ತೊಂಬತ್ನಾಲ್ಕನೇ ವಿಧಿಯಂತೆ ತನಿಖೆ ಮಾಡಬೇಕಿತ್ತು, ಮಾಡಿದ್ದಾರೆ. ತೊಂಬತ್ತೆಂಟನೇ ವಿಧಿಯಂತೆ ನೆರವಿಗೆ ಹೋಗಬೇಕಿತ್ತು, ಹೋಗಿದ್ದಾರೆ. ಇಷ್ಟು ವರ್ಷ ಅವಳು ಕ್ಲಾಸಿನಲ್ಲಿ, ಅಂತರರಾಷ್ಟ್ರೀಯ ಕಾನೂನಿನ ದೋಷವೆಂದರೆ ಅದನ್ನು ಯಾರೂ ಪಾಲಿಸುವುದಿಲ್ಲ ಎಂದು ಹೇಳಿಕೊಂಡು ಬಂದಿದ್ದಳು. ಇಲ್ಲಿ ಎಲ್ಲರೂ ಪಾಲಿಸಿದ್ದರು. ಸಿಟ್ಟು ಮಾಡಲು ಒಬ್ಬರೂ ಉಳಿದಿರಲಿಲ್ಲ.

ಊರಿನವರು ಅವಳನ್ನು ಗಟ್ಟಿಗಿತ್ತಿ ಅಂದರು. ಅವಳಿಗೆ ಹಾಗೇನೂ ಅನಿಸುತ್ತಿರಲಿಲ್ಲ. ಇಂಜೆಕ್ಷನ್ ಕೊಟ್ಟು ಹಲ್ಲು ಕಿತ್ತ ಮೇಲೆ ತುಟಿ ಇದೆಯೋ ಇಲ್ಲವೋ ತಿಳಿಯುವುದಿಲ್ಲವಲ್ಲ, ಆ ಥರ. ಒಂದು ಸಲ ವಿಶಾಖಪಟ್ಟಣದ ವಿಚಾರ ಸಂಕಿರಣಕ್ಕೆ ಕರೆ ಬಂತು. ಹೋದಳು. ಪ್ರಬಂಧ ಓದಿ, ಸಂಜೆ ಎಲ್ಲರ ಜೊತೆ ದಂಡೆಗೆ ಹೋದಳು. ಅದೇ ಮೊದಲು ಅವಳು ಸಮುದ್ರ ನೋಡಿದ್ದು. ಜನ ಜೋಳದ ತೆನೆ ತಿನ್ನುತ್ತಿದ್ದರು, ಕುದುರೆ ಸವಾರಿ ನಡೆದಿತ್ತು. ನೀರು ಬಂತು, ಹೋಯಿತು. ಚಪ್ಪಲಿಯಲ್ಲಿ ಮರಳು ಹೊಕ್ಕಿತು. ಅಲ್ಲಾದರೂ ಅಳು ಬರಬಹುದು ಅಂತ ಕಾದಳು. ಬರಲಿಲ್ಲ. ರೂಮಿಗೆ ಬಂದು ಚಪ್ಪಲಿ ತೊಳೆದಳು.

ವರ್ಷಗಳು ಹೋದವು. ಅವಳು ಕನ್ನಡದಲ್ಲಿ ಸಂವಿಧಾನದ ಒಂದು ಪಠ್ಯಪುಸ್ತಕ ಬರೆದಳು, ಸುತ್ತಲಿನ ಕಾಲೇಜುಗಳಲ್ಲಿ ಅದು ನಡೆಯಿತು. ಕೊರೋನಾ ಕಾಲದಲ್ಲಿ ಮೊಬೈಲ್ ಎದುರಿಗೆ ಕೂತು ಪಾಠ ಮಾಡಿದಳು. ವೈಶಾಲಿ ತವರಿಗೆ ಹೋಗಲಿಲ್ಲ. ಹುಮನಾಬಾದಿನ ಒಂದು ಲ್ಯಾಬಿನಲ್ಲಿ ಕೆಲಸ ಹಿಡಿದಳು. ಅತ್ತಿಗೆ-ನಾದಿನಿ ಒಂದೇ ಬಸ್ಸಿಗೆ ಹೋಗಿ ಒಂದೇ ಬಸ್ಸಿಗೆ ಬರುತ್ತಿದ್ದರು. ಶೈಲೇಶನ ಮಾತು ಮನೆಯಲ್ಲಿ ಯಾರೂ ತೆಗೆಯುತ್ತಿರಲಿಲ್ಲ. ಇದ್ದಾನೆ ಎಂದರೂ ಸುಳ್ಳು, ಸತ್ತ ಎಂದರೂ ತಪ್ಪು. ಹೀಗಾಗಿ ಆ ಹೆಸರಿಗೆ ಕ್ರಿಯಾಪದವೇ ಸಿಗುತ್ತಿರಲಿಲ್ಲ.

2023ರ ಮಳೆಗಾಲದಲ್ಲಿ ಒಂದು ಸಂಜೆ ಹುಮನಾಬಾದ್ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಾಗ ವೈಶಾಲಿ, "ಅಕ್ಕಾ, ಒಂದು ಮಾತು ಹೇಳ್ಬೇಕು," ಅಂದಳು. ಚಿಟಗುಪ್ಪದಲ್ಲಿ ಔಷಧಿ ಅಂಗಡಿ ಇಟ್ಟ ಅಜೀತ ಎಂಬುವವನು ಮದುವೆಯ ಮಾತು ಕೇಳಿದ್ದ. ಹೆಂಡತಿ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ. ಲ್ಯಾಬಿಗೆ ಬಂದು ಹೋಗುವಾಗ ಪರಿಚಯ. ವೈಶಾಲಿಗೆ ಬೇಡವೆನ್ನಲು ಆಗಿರಲಿಲ್ಲ, ಹೂಂ ಎನ್ನಲೂ ಆಗಿರಲಿಲ್ಲ.

"ನಿನ್ನ ಮನಸ್ಸು?" ಆಮ್ರಪಾಲಿ ಕೇಳಿದಳು.

"ಅವರು ಚಲೋ ಮನುಷ್ಯಾರ್ರಿ."

ಆಮ್ರಪಾಲಿ ಕ್ಲಾಸಿನಲ್ಲಿ ಹೇಳುವ ದನಿಯಲ್ಲೇ ಹೇಳಿದಳು. "ಎರಡು ದಾರಿ ಅವ. ಏಳು ವರ್ಷ ಗಂಡನ ಸುದ್ದಿ ಇಲ್ಲ ಅಂದ್ರ ಡೈವೋರ್ಸ್ ಕೇಳಬಹುದು. ಅದರಾಗ ಅವ ಸತ್ತಾನಂತ ಯಾರೂ ಹೇಳೋದು ಬೇಕಿಲ್ಲ. ಇನ್ನೊಂದು, ಅವ ಇಲ್ಲ ಅಂತ ಕೋರ್ಟಿನಿಂದ ಘೋಷಣಾ ತಗೊಳ್ಳೋದು. ಮೊದಲಿನದು ಆಯಿಗಿ ಹಗುರ ಆಗ್ತದ."

ವೈಶಾಲಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಾ ಅವರನ್ನ ಬಿಟ್ಟಿಲ್ಲಕ್ಕಾ. ಅವರೂ ನನ್ನ ಬಿಟ್ಟಿಲ್ಲ. ಬಿಟ್ಟಾರಂತ ಕಾಗದದ ಮ್ಯಾಲ ನಾ ಹ್ಯಾಂಗ ಸಹಿ ಮಾಡ್ಲಿ?"

"ಹಂಗಾದ್ರ ಎರಡನೇದು."

ಬಸ್ಸು ಬಂತು, ಹೋಯಿತು. ಇಬ್ಬರೂ ಏಳಲಿಲ್ಲ. ವೈಶಾಲಿ ಅವಳ ಮುಖ ನೋಡಿದಳು. "ಅಕ್ಕಾ, ನಿಮಗ ಏನೂ ಅನಸಂಗಿಲ್ಲೇನ್ರಿ?"

"ಗೊತ್ತಾಗವಲ್ದು ವೈಶಾಲಿ. ಖರೆ ಹೇಳಾಕತ್ತೀನಿ," ಅಂದಳು ಆಮ್ರಪಾಲಿ.

ಮರುದಿನ ಭಾನುವಾರ. ಕಮಳಾಬಾಯಿ ರೊಟ್ಟಿ ಬಡಿಯುತ್ತಿದ್ದಳು. ಆಮ್ರಪಾಲಿ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಅಜೀತನ ವಿಷಯಕ್ಕೆ ಕಮಳಾಬಾಯಿ ತಕರಾರು ತೆಗೆಯಲಿಲ್ಲ. "ಆಕಿದು ವಯಸ್ಸು ಅದ. ಮಾಡ್ಕೊಳ್ಳಿ." ಆದರೆ ಘೋಷಣೆಯ ಮಾತಿಗೆ ಕೈ ನಿಂತಿತು.

"ಸತ್ತಾನಂತ ನಾ ಸಾಕ್ಷಿ ಹೇಳಂಗಿಲ್ಲ. ನೀ ಕಾಯ್ದೆ ಓದಿದ್ದು ಇದಕ್ಕೇನು? ತಮ್ಮನ್ನ ಕೋರ್ಟಿನಾಗ ಸಾಯಿಸಾಕ?"

ತವೆಯ ಮೇಲಿನ ರೊಟ್ಟಿ ಹೊತ್ತುತ್ತಿತ್ತು. ಆಮ್ರಪಾಲಿ ಅದನ್ನು ತಿರುವಿ ಹಾಕಿದಳು.

"ಬ್ಯಾರೆ ದಾರಿ ಇಲ್ಲೇನು?" ಕಮಳಾಬಾಯಿ ಕೇಳಿದಳು.

"ಅದ. ಆಕಿ ಒಲ್ಲೆ ಅಂತಾಳ." ಕಾರಣವನ್ನೂ ಹೇಳಿದಳು.

ದೀಪಾವಳಿ ಕಳೆದರೂ ಕಮಳಾಬಾಯಿ ಆ ವಿಷಯ ಎತ್ತಲಿಲ್ಲ. ವೈಶಾಲಿಯೂ ಒತ್ತಾಯ ಮಾಡಲಿಲ್ಲ. ಅಜೀತನಿಗೆ ಕಾಯಲು ಹೇಳಿದ್ದಳು. ಒಂದು ರಜೆಯ ದಿನ ಅಂಗಳದ ಬಿಸಿಲಲ್ಲಿ ಕೂತು ವೈಶಾಲಿ ಅತ್ತೆಯ ಕಾಲುಗುರು ಕತ್ತರಿಸುತ್ತಿದ್ದಳು. ಕಮಳಾಬಾಯಿ ಬಗ್ಗಿದ ಆ ತಲೆಯನ್ನು ನೋಡುತ್ತ ಕೂತಿದ್ದಳು. ಸ್ವಲ್ಪ ಹೊತ್ತಾದ ಮೇಲೆ, ಒಳಗೆ ಬಟ್ಟೆ ಇಸ್ತ್ರಿ ಮಾಡುತ್ತಿದ್ದ ಮಗಳನ್ನು ಕೂಗಿದಳು.

"ಆಮ್ರಪಾಲಿ, ಕೋರ್ಟಿಗಿ ಯಾವಾಗ ಹೋಗೋದದ?"

"ಯಾಕ ಆಯಿ, ಈಗ?"

"ಈಕಿ ತಲಿಯಾಗ ಬಿಳಿ ಕೂದಲಾ ಬಂದಾವ."

ಬಸವಕಲ್ಯಾಣದ ವಕೀಲ ಗುರುಲಿಂಗ ಅವಳ ಹಳೆಯ ವಿದ್ಯಾರ್ಥಿ. ದಾವೆ ಅವನೇ ಬರೆದ. ಮೂವರು ಹೆಂಗಸರೂ ವಾದಿಗಳು. ಜನನ ಮರಣ ನೋಂದಣಿ ಅಧಿಕಾರಿ ಪ್ರತಿವಾದಿ. ಬರೆದದ್ದನ್ನು ತಂದು ಮೇಡಂ ಮುಂದಿಟ್ಟ. ಆಮ್ರಪಾಲಿ ಎರಡು ಕಾಗುಣಿತ ತಿದ್ದಿ, ಜನವರಿಯ ಒಂದು ಬುಧವಾರ ತಾಯಿ, ವೈಶಾಲಿಯ ಜೊತೆ ಸಹಿ ಮಾಡಿದಳು. ಗುರುಲಿಂಗ ಅಂದೇ ದಾವೆ ಹಾಕಿದ; ಅವಳು ಅಲ್ಲಿಂದ ನೇರವಾಗಿ ಕಾಲೇಜಿಗೆ ಹೋದಳು.

ಕೇಸು ನಡೆದಿರುವಾಗಲೇ ದೇಶದ ಸಾಕ್ಷ್ಯ ಕಾಯ್ದೆ ಬದಲಾಯಿತು. ಏಳು ವರ್ಷ ಸುದ್ದಿ ಇಲ್ಲದವನ ಕಲಂ ನೂರಾ ಎಂಟು ಇದ್ದದ್ದು ನೂರಾ ಹನ್ನೊಂದಾಯಿತು. ಸ್ಟಾಫ್ ರೂಮಿನಲ್ಲಿ ಹೊಸ ಅಂಕಿ ಬಾಯಿಪಾಠ ಮಾಡುತ್ತ ಎಲ್ಲರೂ ಗೊಣಗಿದರು. ಅವಳೂ ಗೊಣಗಿದಳು. ಆಗ ತಾಹೇರಾ ಅವಳ ಕಡೆ ಒಮ್ಮೆ ನೋಡಿ, ಪುಸ್ತಕ ಮುಚ್ಚಿಟ್ಟಳು.

ಸಾಕ್ಷಿಯ ದಿನ ನ್ಯಾಯಾಧೀಶರ ಕುರ್ಚಿಯಲ್ಲಿ ತುಮಕೂರು ಕಡೆಯ ಒಬ್ಬ ಹೆಣ್ಣುಮಗಳಿದ್ದರು. ಮೊದಲು ಆಮ್ರಪಾಲಿ ಕಟಕಟೆಗೆ ಹೋದಳು. ಗುರುಲಿಂಗ ಕೇಳಿದ್ದಕ್ಕೆಲ್ಲ ತಾರೀಖಿನ ಸಮೇತ ಹೇಳಿದಳು. ಆಮೇಲೆ ಸರ್ಕಾರಿ ವಕೀಲರು ಎದ್ದರು. ವಯಸ್ಸಾದ ಮನುಷ್ಯ, ಕೇಳುವುದು ತಮ್ಮ ಕೆಲಸವಾದ್ದರಿಂದ ಕೇಳಿದರು.

"ಮೇಡಂ, ನೀವು ಅಂತರರಾಷ್ಟ್ರೀಯ ಕಾನೂನಿನ ಪ್ರೊಫೆಸರ್ ಇದ್ದೀರಿ. ನಿಮ್ಮ ತಿಳುವಳಿಕಿ ಪ್ರಕಾರ, ಇನ್ನೂ ಹುಡುಕಲಾರದ ಜಾಗ, ಕೇಳಲಾರದ ಕಚೇರಿ ಯಾವುದರೆ ಉಳದದ ಏನ್ರಿ?"

ಒಂದೊಂದಾಗಿ ಎಲ್ಲ ದೇಶ, ಎಲ್ಲ ಕಚೇರಿ ಆಮ್ರಪಾಲಿಯ ಮನಸ್ಸಿನಲ್ಲಿ ಹಾದುಹೋದವು.

"ಇಲ್ಲ," ಅಂದಳು.

ಕಮಳಾಬಾಯಿಗೆ ಕಟಕಟೆ ಹತ್ತಲು ವೈಶಾಲಿ ಕೈಕೊಟ್ಟಳು. ನ್ಯಾಯಾಧೀಶರು ಮೆಲ್ಲಗೆ ಕೇಳಿದರು. "ಅಮ್ಮ, ನಿಮ್ಮ ಮಗ ಕೊನೇ ಸಲ ಮಾತಾಡಿದ್ದು ಯಾವಾಗ?"

"ಹಡಗ ಬಂದರದಾಗ ನಿಂತಾಗರಿ. ಇಲ್ಲಿ ಬಿಸಲ ಭಾಳ ಅದ ಆಯಿ ಅಂದಿದ್ದ."

"ಆಮೇಲೆ ಯಾವತ್ತಾದರೂ ಫೋನು, ಕಾಗದ, ಯಾರ ಕೈಲಾದರೂ ಸುದ್ದಿ?"

"ಇಲ್ರಿ."

"ಅವರು ಬದುಕಿದ್ದಾರೆ ಅಂತ ನಿಮಗೆ ಅನ್ನಿಸುತ್ತಾ?"

ಗುರುಲಿಂಗ ಏನೋ ಹೇಳಲು ಎದ್ದ. ಆಮ್ರಪಾಲಿ ಅವನತ್ತ ನೋಡಿ ತಲೆ ಅಲ್ಲಾಡಿಸಿದಳು. ಅವನು ಕುಳಿತ.

ಕಮಳಾಬಾಯಿ ಕಟಕಟೆಯ ಕಟ್ಟಿಗೆಯನ್ನು ಎರಡೂ ಕೈಯಿಂದ ಹಿಡಿದಿದ್ದಳು. "ಎಲ್ಲಿದ್ದರೂ ಅವ ನನಗ ಫೋನ್ ಮಾಡವನೇ ಇದ್ದರಿ. ಜ್ವರ ಬಂದ್ರೂ ಮಾಡವ. ಮಾಡಿಲ್ಲ ಅಂದ್ರ..." ಅಲ್ಲಿಗೆ ನಿಲ್ಲಿಸಿದಳು. ಟೈಪ್ ಮಾಡುವವರ ಕಡೆ ತಿರುಗಿ, "ಬರಕೋರಿ," ಅಂದಳು.

ಟೈಪ್ ಮಾಡುವವರು ಬರೆದುಕೊಂಡರು. ಮುಂದಿನ ಕೇಸು ಕೂಗಿದರು.

ತೀರ್ಪು ಬಂದದ್ದು 2025ರ ಆರಂಭದಲ್ಲಿ. ಶೈಲೇಶ ತೀರಿಕೊಂಡಿದ್ದಾನೆಂದು ಘೋಷಿಸಲಾಗಿತ್ತು. ಒಂದೇ ಒಂದು ವಿಷಯ ಕಮಳಾಬಾಯಿಗೆ ಅರ್ಥವಾಗಲಿಲ್ಲ. "ತಾರೀಖ ಯಾವುದು ಬರದಾರ?"

ಆಮ್ರಪಾಲಿ ಕೂತು ಬಿಡಿಸಿ ಹೇಳಿದಳು. ಮನುಷ್ಯ ಇಲ್ಲ ಎಂದು ಕಾನೂನು ಭಾವಿಸಬಹುದು. ಯಾವತ್ತು ಹೋದ ಎಂದು ಭಾವಿಸುವಂತಿಲ್ಲ. ಆ ದಿನಕ್ಕೆ ಸಾಕ್ಷಿ ಬೇಕು. ಸಾಕ್ಷಿ ಇಲ್ಲದಿದ್ದರೆ ದಾವೆ ಹಾಕಿದ ದಿನವನ್ನೇ ಹಿಡಿಯುತ್ತಾರೆ.

"ಅಂದ್ರ?"

"ನಾವು ಸಹಿ ಮಾಡಿದ ದಿನ, ಆಯಿ."

ಕಾನೂನಿನ ಲೆಕ್ಕದಲ್ಲಿ ಶೈಲೇಶ ಸತ್ತದ್ದು ಸಮುದ್ರದಲ್ಲಿ ಅಲ್ಲ, ಆಗಸ್ಟಿನಲ್ಲೂ ಅಲ್ಲ. ಜನವರಿಯ ಆ ಬುಧವಾರ, ಅಕ್ಕ ಗುರುಲಿಂಗನ ಆಫೀಸಿನಲ್ಲಿ ಪೆನ್ನಿನ ಕ್ಯಾಪು ತೆಗೆದ ದಿನ. ಅಲ್ಲಿಯವರೆಗೆ ಅವನು ಬದುಕಿದ್ದ. ಈ ನಿಯಮವನ್ನು ಸಾಕ್ಷ್ಯ ಕಾಯ್ದೆ ಕಲಿಸುವವರು ರಜೆ ಹಾಕಿದಾಗ ಅವಳೇ ಎಷ್ಟೋ ಸಲ ಹೇಳಿಕೊಟ್ಟಿದ್ದಳು. ಅವಳು ಅದನ್ನೆಲ್ಲ ತಾಯಿಗೆ ಸರಿಯಾದ ಕ್ರಮದಲ್ಲಿ ವಿವರಿಸಿದಳು. ದನಿ ಎಲ್ಲೂ ಒಡೆಯಲಿಲ್ಲ. ಕಮಳಾಬಾಯಿ ಕೇಳಿ ಮುಗಿಸಿ, ಮಗಳ ತಲೆಯ ಮೇಲೆ ಕೈ ಇಟ್ಟಳು. "ನಿಂದೇನೂ ತಪ್ಪಿಲ್ಲ ತಗಿ," ಅಂದಳು. ಆಮೇಲೆ ತಾನೊಬ್ಬಳೇ ಅತ್ತಳು, ಎಷ್ಟೋ ವರ್ಷದ್ದನ್ನು, ಜೋರಾಗಿ, ಓಣಿಯವರು ಬಂದು ಬಾಗಿಲಲ್ಲಿ ನಿಲ್ಲುವ ಹಾಗೆ. ವೈಶಾಲಿಯೂ ಅವಳ ಮಡಿಲಲ್ಲಿ ತಲೆಯಿಟ್ಟು ಅತ್ತಳು. ಆಮ್ರಪಾಲಿ ಬಂದವರಿಗೆ ಚಾಪೆ ಹಾಸಿದಳು, ಚಹಾಕ್ಕಿಟ್ಟಳು.

ಬೌದ್ಧ ಭಿಕ್ಷು ಬಂತೇಜಿಯವರನ್ನು ಕರೆಸಿ, ಅವನ ಫೋಟೊದ ಮುಂದೆ ಮೇಣದಬತ್ತಿ ಹಚ್ಚಿ, ತ್ರಿಶರಣ ಪಂಚಶೀಲ ಹೇಳಿ ಪುಣ್ಯಾನುಮೋದನ ಮಾಡಿದರು. ಹಳ್ಳಿಯಿಂದ ಜನ ಬಂದರು, ಕೆಲವರಿಗೆ ಅವನ ಮುಖ ಮರೆತಿತ್ತು. ಮೇ ತಿಂಗಳಲ್ಲಿ ಚಿಟಗುಪ್ಪದ ಬುದ್ಧವಿಹಾರದಲ್ಲಿ ವೈಶಾಲಿಯ ಮದುವೆಯಾಯಿತು. ಕಮಳಾಬಾಯಿ ಹೆಣ್ಣಿನ ಕಡೆಯವಳಾಗಿ ಮುಂದೆ ನಿಂತಳು, ಅಜೀತ ಕಾಲು ಮುಟ್ಟಲು ಬಗ್ಗಿದಾಗ ಎಬ್ಬಿಸಿ, "ಊಟ ಟೈಮಿಗಿ ಮಾಡಸ್ರಿ ಆಕಿಗಿ. ಕೆಲಸದಾಗ ಮರೀತಾಳ," ಅಂದಳು. ಆಮ್ರಪಾಲಿ ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಅಕ್ಷತೆಯ ಬದಲು ಕೊಟ್ಟ ಹೂವಿನ ಎಸಳು ಅವಳ ಮುಷ್ಟಿಯಲ್ಲೇ ಉಳಿದಿತ್ತು. ಪಕ್ಕದಲ್ಲಿದ್ದವರು ಹೇಳಿದ ಮೇಲೆ ಹಾಕಿದಳು.

ಈಗ ಕಮಳಾಬಾಯಿ ತಿಂಗಳಿಗೊಮ್ಮೆ ಚಿಟಗುಪ್ಪಕ್ಕೆ ಹೋಗಿ ನಾಲ್ಕು ದಿನ ಇದ್ದು ಬರುತ್ತಾಳೆ. ಬಂದಾಗ ಮಾತಾಡುತ್ತಾಳೆ. ಶೈಲೇಶ ಚಿಕ್ಕವನಿದ್ದಾಗ ಹೀಗೆ ಮಾಡಿದ್ದ, ಹಾಗೆ ಅಂದಿದ್ದ ಎಂದು ಭೂತಕಾಲದಲ್ಲಿ ಸರಾಗವಾಗಿ ಹೇಳುತ್ತಾಳೆ. ಆಮ್ರಪಾಲಿ ಕೇಳುತ್ತಾಳೆ, ಕೆಲವು ಸಲ ತಾನೂ ಒಂದು ಸೇರಿಸುತ್ತಾಳೆ. ಕಾಲೇಜಿನಲ್ಲಿ ಅವಳನ್ನು ಪ್ರಭಾರಿ ಪ್ರಿನ್ಸಿಪಾಲ್ ಮಾಡಿದ್ದಾರೆ. ಪಾಠ ಬಿಟ್ಟಿಲ್ಲ.

ಮೊನ್ನೆ ತಾಹೇರಾ ಸ್ಟಾಫ್ ರೂಮಿನಲ್ಲಿ ಇಬ್ಬರೇ ಇದ್ದಾಗ ಕೇಳಿದಳು. "ಈಗರೆ ಒಮ್ಮೆ ಅತ್ತ್ಯಾ?"

"ಇಲ್ಲ."

"ಬರ್ತದ. ನನ್ನ ಅಬ್ಬಾ ಹೋದಾಗ ನನಗ ಮೂರು ವರ್ಷ ಬಂದಿದ್ದಿಲ್ಲ. ಆಮ್ಯಾಲ ಒಂದಿನ ಮಾರ್ಕೆಟ್‌ದಾಗ ಬದನಿಕಾಯಿ ಆರಸ್ಕೋತ ನಿಂತಾಗ ಬಂತು."

"ಬರಲಿ," ಅಂದಳು ಆಮ್ರಪಾಲಿ. "ನನಗೂ ನೋಡಬೇಕಂತ ಅದ."

ಗಂಟೆ ಹೊಡೆಯಿತು. ತಾಹೇರಾ ಮೊದಲ ವರ್ಷದವರ ಕಡೆ, ಆಮ್ರಪಾಲಿ ಕೊನೆಯ ವರ್ಷದವರ ಕಡೆ ಹೋದರು. ಅಂದು ರಾಜತಾಂತ್ರಿಕರ ವಿನಾಯಿತಿಯ ಪಾಠ. ಕ್ಲಾಸಿನಲ್ಲಿ ಹತ್ತು ಹನ್ನೆರಡು ಜನ ಇದ್ದರು. ಹಿಂದಿನ ಬೆಂಚಿನವರನ್ನು ಮುಂದೆ ಕರೆದು ಕೂರಿಸಿ, ಅವಳು ಹಾಜರಿ ಕರೆಯಲು ಶುರುಮಾಡಿದಳು.